ಕಿಟಕಿಯೂ ಹಿತ್ತಿಲೂ

ನಿಘಂಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಪುಣ್ಯಾತ್ಮರು ಲೋಕದಲ್ಲಿ ಇದ್ದರೂ ಇರಬಹುದು, ನಾನಂತೂ ಕಂಡಿಲ್ಲ. ನಮಗೆ ಬೇಕಾಗುವುದು ಅದರ ಒಂದು ತುಣುಕು ಮಾತ್ರ. ‘ಹ’ಕಾರದ ಪದ ಬೇಕಾದವನು ಪುಸ್ತಕದ ಕೊನೆಯ ಕಡೆಗೆ ಹೆಬ್ಬೆರಳು ತೂರಿಸುತ್ತಾನೆ, ಹಿಂದಕ್ಕೆ ನಾಲ್ಕು ಹಾಳೆ, ಮುಂದಕ್ಕೆ ಎರಡು ಹಾಳೆ ಮಗುಚುವಷ್ಟರಲ್ಲಿ ಪದ ಕೈಗೆ ಸಿಕ್ಕಿರುತ್ತದೆ. ಈ ಸುಖವೆಲ್ಲ ಅಕಾರಾದಿ ಎಂಬ ಕಟ್ಟಳೆಯ ಪ್ರಸಾದ. ಪದಗಳನ್ನು ಗೋಣಿಯಲ್ಲಿ ತುಂಬಿಟ್ಟಿದ್ದರೆ ನಾವು ಇಷ್ಟು ಹೊತ್ತಿಗೆ ಓದುವುದನ್ನೇ ಬಿಟ್ಟಿರುತ್ತಿದ್ದೆವು.

ಕನ್ನಡ ಮೇಷ್ಟರಾದ ನನಗೆ ಈ ವಿಷಯದಲ್ಲಿ ಹೊಸ ಪಾಠ ಹೇಳಿದವರು ಬಿ.ಸಿ.ಎ. ತರಗತಿಯ ಹುಡುಗರು. ರಜೆಯಲ್ಲಿ ಊರಿಗೆ ಹೋದಾಗ ಹಿರಿಯರ ಬಾಯಿಂದ ಹಳೆಯ ಮಾತುಗಳನ್ನು ಬರೆದು ತನ್ನಿ ಎಂದು ನಾನು ಹೇಳಿದ್ದೆ. ಅವರು ತಂದರು, ತಂದದ್ದನ್ನು ಜೋಡಿಸುವುದಕ್ಕೆ ತಮಗೆ ತಿಳಿದ ಜಾವಾ ಭಾಷೆಯನ್ನೇ ಹಿಡಿದರು. ಅವರ ಭುಜದ ಮೇಲಿಂದ ಇಣುಕಿ ಇಣುಕಿ ನಾನೂ ಒಂದಿಷ್ಟು ಕಲಿತೆ.

ಜಾವಾದಲ್ಲಿ ‘ಸಾರ್ಟೆಡ್‌ಸೆಟ್’ ಎಂಬ ಏರ್ಪಾಟು 1998ರಿಂದ ಇದೆ. ಬಳಕೆಯಲ್ಲಿ ಅದು ಸಾಮಾನ್ಯವಾಗಿ ‘ಟ್ರೀಸೆಟ್’ ಎಂಬ ರೂಪದಲ್ಲಿ ಕೆಲಸಮಾಡುತ್ತದೆ. ಗಣಿತದವರು ಗಣ ಎನ್ನುತ್ತಾರಲ್ಲ, ಅದೇ ಜಾತಿ. ಆದರೆ ಸಾಲು ತಪ್ಪದ ಗಣ. ನೀವು ಪದಗಳನ್ನು ಹೇಗೆ ಎಸೆದರೂ ಅದು ಕ್ರಮವಾಗಿಯೇ ಇಟ್ಟುಕೊಳ್ಳುತ್ತದೆ. ಇದ್ದ ಪದವನ್ನೇ ಮತ್ತೆ ಕೊಟ್ಟರೆ ಸದ್ದಿಲ್ಲದೆ ಬೇಡವೆನ್ನುತ್ತದೆ. ಒಳಗೆ ಅದೊಂದು ಮರ. ಪ್ರತಿಯೊಂದು ಕವಲಿನಲ್ಲಿಯೂ ‘ಹಿಂದೆಯೋ, ಮುಂದೆಯೋ’ ಎಂಬ ಒಂದೇ ಪ್ರಶ್ನೆ. ಹತ್ತು ಲಕ್ಷ ಪದಗಳಿದ್ದರೂ 40 ಪ್ರಶ್ನೆಗಳ ಒಳಗೆ ಉತ್ತರ ಸಿಕ್ಕುತ್ತದೆ.

ಹಿಂದೆ ಮುಂದೆಗಳನ್ನು ತೀರ್ಮಾನಿಸುವವರು ಯಾರು? ಬೇರೆ ಅಪ್ಪಣೆ ಇಲ್ಲದಿದ್ದರೆ ಅದು ಅಕ್ಷರಗಳ ಯೂನಿಕೋಡ್ ಸಂಖ್ಯೆಯನ್ನು ನೋಡುತ್ತದೆ. ಅಲ್ಲಿ ನಮ್ಮ ‘ಳ’ ಅಕ್ಷರ ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲೇ ಕುಳಿತಿದೆ. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಕೂರಿಸಿದ್ದರ ಫಲ ಅದು. ನಮ್ಮ ವರ್ಣಮಾಲೆಯಲ್ಲಾದರೋ ‘ಳ’ ಬರುವುದು ‘ಹ’ ಆದಮೇಲೆ. ಹೀಗಾಗಿ ನಾವು ಹವಳ, ಹಸು, ಹಳ್ಳಿ ಎಂದು ಬರೆಯುವ ಕಡೆ ಯಂತ್ರ ಹಳ್ಳಿ, ಹವಳ, ಹಸು ಎನ್ನುತ್ತದೆ. ‘ಹವಳದಿಂದ ಹಾ ಬರುವವರೆಗಿನ ಪದಗಳನ್ನು ಕೊಡು’ ಎಂದರೆ ಹಸು ಬರುತ್ತದೆ. ಹಳ್ಳಿ ಹೊರಗೆ ಉಳಿಯುತ್ತದೆ. ಇದಕ್ಕೆ ಮದ್ದಿಲ್ಲದೆ ಇಲ್ಲ. ಗಣವನ್ನು ಹುಟ್ಟಿಸುವಾಗಲೇ ‘ಕಂಪ್ಯಾರೇಟರ್’ ಎಂಬ ಪಂಚಾಯತಿದಾರನನ್ನು ನೇಮಿಸಿ, ನಮ್ಮ ಅಕ್ಷರಕ್ರಮವನ್ನು ಅವನಿಗೆ ಒಪ್ಪಿಸಬೇಕು. ಹುಡುಗರು ಒಪ್ಪಿಸಿದರು, ‘ಳ’ ತನ್ನ ಮನೆಗೆ ಮರಳಿತು. ವ್ಯಾಕರಣದ ಮೇಷ್ಟರಿಂದಲೂ ಒಂದು ಉಪಯೋಗವಿದೆ ಎಂದು ಅಂದು ಅವರು ಒಪ್ಪಿಕೊಂಡರು.

ಇನ್ನು ತುಣುಕಿನ ಮಾತು. ‘ಸಬ್‌ಸೆಟ್’ ಎಂದು ಎರಡು ಗಡಿಗಳನ್ನು ಹೇಳಿದರೆ ನಡುವಿನ ಪದಗಳು ದೊರೆಯುತ್ತವೆ. ಮೊದಲ ಗಡಿ ಲೆಕ್ಕಕ್ಕೆ ಸೇರುತ್ತದೆ, ಕೊನೆಯದು ಸೇರುವುದಿಲ್ಲ. ‘ಕ’ದಿಂದ ‘ಖ’ದವರೆಗೆ ಎಂದರೆ ಕಕಾರದ ಪದಗಳಷ್ಟೇ, ‘ಖ’ ಹೊಸ್ತಿಲಾಚೆಯೇ ನಿಲ್ಲುತ್ತದೆ. ಕೊನೆಯ ಗಡಿಯನ್ನೂ ಒಳಗೆ ಕರೆಯುವ ಅನುಕೂಲ 2006ರಲ್ಲಿ ಜಾವಾದ ಆರನೆಯ ಆವೃತ್ತಿಯೊಡನೆ ಬಂತು. ಇದೆಲ್ಲ ಬೇಗ ಅರ್ಥವಾಗುವ ಸಂಗತಿ. ಅರ್ಥವಾಯಿತೆಂದು ತಿಳಿದೂ ಅರ್ಥವಾಗದೆ ಉಳಿಯುವುದು ಇನ್ನೊಂದಿದೆ: ಹೀಗೆ ದೊರೆತ ತುಣುಕು ನಕಲಲ್ಲ, ಅದು ಕಿಟಕಿ. ಕಿಟಕಿಯಿಂದ ಕಾಣುವ ಹಿತ್ತಿಲಿಗಾಗಿ ಬೇರೆ ನೆಲವನ್ನು ಯಾರೂ ಕೊಂಡಿರುವುದಿಲ್ಲ. ದೊಡ್ಡ ಗಣಕ್ಕೆ ಹೊಸ ಹಕಾರದ ಪದವೊಂದು ಬಂದರೆ ಅದು ಹಕಾರದ ಕಿಟಕಿಯಲ್ಲಿಯೂ ಆ ಕ್ಷಣವೇ ಕಾಣಿಸುತ್ತದೆ. ಆ ಕಿಟಕಿಯ ಮೂಲಕ ‘ಮರ’ ಎಂಬ ಪದವನ್ನು ಸೇರಿಸಹೋದರೆ ಯಂತ್ರ ತಕರಾರು ಮಾಡಿ ನಿಂತುಬಿಡುತ್ತದೆ. ಕಿಟಕಿಯಿಂದ ಕೈಚಾಚಿ ಗಿಡ ಕಿತ್ತರೆ ಮಾತ್ರ ತಕರಾರಿಲ್ಲ. ಹಿತ್ತಿಲಿನ ಗಿಡವೇ ಹೋಗುತ್ತದೆ.

ನಮ್ಮ ತಂಡದ ಹುಡುಗನೊಬ್ಬ ಮಲೆನಾಡಿನವನು. ಅವನ ಅಜ್ಜಿ ದೂರವಾಣಿಯಲ್ಲಿ ಹೇಳುತ್ತಿದ್ದ ಪದಗಳನ್ನು ಅವನು ಚೀಟಿಯ ಗೊಡವೆಯಿಲ್ಲದೆ ನೇರವಾಗಿ ಯಂತ್ರಕ್ಕೆ ಊಡಿಸುತ್ತಿದ್ದ. ಹಕಾರ ಅವನ ಪಾಲಿಗೆ ಬಂತು. ಕಾಗುಣಿತದ ತಪ್ಪುಗಳು ಬಹಳವಿದ್ದುದರಿಂದ ಹೊಸದಾಗಿ ಬರೆಯೋಣವೆಂದು ತನ್ನ ತುಣುಕಿಗೆ ‘ಕ್ಲಿಯರ್’ ಎಂದು ಅಪ್ಪಣೆಮಾಡಿದ. ಮೂಲ ಹೇಗೂ ಇದೆಯಲ್ಲ ಎಂಬ ಧೈರ್ಯ. ಕೆಲಸ ಮುಗಿದೊಡನೆ ದೊಡ್ಡ ಗಣವನ್ನು ಕಡತಕ್ಕೆ ಮರಳಿ ಬರೆಯುವುದು ಆ ಪ್ರೋಗ್ರಾಮಿನ ಪದ್ಧತಿ. ಅದು ತಪ್ಪದೆ ಬರೆಯಿತು. ಮರುದಿನ ಕಡತದಲ್ಲಿ ಸಕಾರ ಮುಗಿದಲ್ಲಿಗೆ ಕನ್ನಡವೇ ಮುಗಿದಿತ್ತು.

“ಸಾರ್, ನಾನು ನನ್ನದನ್ನಷ್ಟೇ ಅಳಿಸಿದ್ದು” ಎಂದ ಅವನು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಉಳಿದವರ ಹಕಾರದ ಪದಗಳು ಚೀಟಿಗಳಲ್ಲಿದ್ದವು, ಮರಳಿ ಬಂದವು. ಅಜ್ಜಿಯ ಪದಗಳಲ್ಲಿ ಹಡಿಲು, ಹಕ್ಕಲು, ಅಡಕೆಯ ಹಾಳೆ ಮುಂತಾದವು ಅವನಿಗೆ ನೆನಪಿದ್ದವು. ಉಳಿದವನ್ನು ಕೇಳೋಣವೆಂದರೆ ಅಜ್ಜಿ ಅದಕ್ಕೆ ಹದಿನೈದು ದಿನ ಮೊದಲೇ ತೀರಿಕೊಂಡಿದ್ದರು. ಕಳೆದುಹೋದವು ಎಷ್ಟು, ಯಾವುವು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಯಂತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ. ಕಿಟಕಿಗೆ ಅದರದೇ ಪ್ರಯೋಜನವಿದೆ: ಲಕ್ಷಗಟ್ಟಲೆ ಪದಗಳನ್ನು ಎರಡೆರಡು ಕಡೆ ಹೊರಬೇಕಾಗಿಲ್ಲ, ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ನಕಲೇ ಬೇಕೆಂದರೆ ಆ ತುಣುಕನ್ನು ಕೊಟ್ಟು ಹೊಸ ಟ್ರೀಸೆಟ್ ಒಂದನ್ನು ಕಟ್ಟಿಕೊಳ್ಳಬೇಕು; ಒಂದು ಸಾಲಿನ ಕೆಲಸ. ಆ ಸಾಲನ್ನು ಬರೆಯಬೇಕೆಂದು ತೋಚುವುದೇ ಕಷ್ಟ. ಏಕೆಂದರೆ ಕೈಗೆ ಬಂದ ಭಾಗಕ್ಕೆ ‘ನನ್ನದು’ ಎಂದು ಹೆಸರಿಟ್ಟೊಡನೆ ಅದು ಮೂಲದಿಂದ ಬೇರೆಯಾಯಿತೆಂದು ಮನಸ್ಸು ನಂಬಿಬಿಡುತ್ತದೆ. ಕೆರೆಯ ಅಂಚಿನಲ್ಲಿ ಮನೆ ಕಟ್ಟುವವನೂ ತನ್ನ ಅಂಗಳವನ್ನಷ್ಟೇ ತುಂಬಿಸಿಕೊಂಡೆ ಎನ್ನುತ್ತಾನೆ. ನೀರು ಕಡಮೆಯಾಗುವುದು ಊರಿಗೆಲ್ಲ.

ಈಗ ನಮ್ಮ ಹುಡುಗರು ಇಂಥ ತುಣುಕಿನ ಹೆಸರಿನ ಕೊನೆಗೆ ‘ಕಿಟಕಿ’ ಎಂದು ಸೇರಿಸಿ ಬರೆಯುತ್ತಾರೆ. ಜಾವಾಕ್ಕೆ ಆ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ. ಯಾವ ಹೆಸರಿಟ್ಟರೂ ಅದು ಕೇಳುತ್ತದೆ. ಹೆಸರು ಬೇಕಾಗಿರುವುದು ಬರೆಯುವವರಿಗೆ.