ಮಳೆಗಾಲಕ್ಕೂ ಒಂದು ಆಟದಂಗಳ

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತಾಯಂದಿರಿಗೆ ಮಳೆಗಾಲದ ಸಂಜೆಗಳ ಬಗ್ಗೆ ಹೇಳಬೇಕಾದ್ದಿಲ್ಲ. ಶಾಲೆಯಿಂದ ಬಂದ ಮಕ್ಕಳು ಜಗುಲಿಯಲ್ಲಿ ಗುದ್ದಾಡಿ, ಕೊನೆಗೆ ಮೊಬೈಲು ಹಿಡಿದು ಕೂರುತ್ತಾರೆ. "ಸ್ಕೂಲಲ್ಲಿ ಆಡ್ಲಿಲ್ವೇನೋ?" ಎಂದರೆ, "ಹೊರಗೆ ಬಿಡೋದೇ ಇಲ್ಲಮ್ಮಾ, ಜಾರತ್ತೆ ಅಂತಾರೆ" ಎನ್ನುತ್ತಾನೆ ನನ್ನ ಮಗ.

ಟೀಚರನ್ನು ಕೇಳಿದೆ. "ಬಟ್ಟೆ ಕೆಸರಾದ್ರೆ ನೀವೇ ಬಯ್ತೀರಲ್ಲ" ಎಂದರು. ಅದೂ ಸುಳ್ಳಲ್ಲ. ಆಷಾಢದಲ್ಲಿ ಯೂನಿಫಾರಂ ಒಣಗಿಸುವ ಪಾಡು ಒಲೆ ಮುಂದೆ ಕೂತವರಿಗೇ ಗೊತ್ತು. ಆದರೆ ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಮಳೆ ನಿಲ್ಲಲಿ ಎಂದು ಕಾದರೆ ಮಕ್ಕಳ ನಾಲ್ಕು ತಿಂಗಳು ಕೊಠಡಿಯೊಳಗೇ ಕಳೆದುಹೋಗುತ್ತದೆ. ಆರೇಳು ವರ್ಷದ ಮಗುವಿಗೆ ಆಟವೂ ಪಾಠವೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ' ಈಗ ನಮ್ಮ ಶಾಲೆಗಳಲ್ಲೂ ಇದೆ. ನಲಿಯುವುದು ನಾಲ್ಕು ಗೋಡೆಯೊಳಗೇ ಯಾಕೆ?

ಇದಕ್ಕೆ ಪೇಟೆಯಿಂದ ಬಣ್ಣದ ಜಾರುಬಂಡೆ ತರಿಸಬೇಕಿಲ್ಲ. ಮೊದಲು ನೀರಿಗೆ ದಾರಿ ಮಾಡಬೇಕು. ಅಂಗಳಕ್ಕೆ ತುಸು ಇಳಿಜಾರು ಕೊಟ್ಟು ಅಂಚಿಗೆ ಚರಂಡಿ ತೆಗೆದರೆ ಅರ್ಧ ಕೆಸರು ಹೋದಂತೆ. ಹಾವಸೆ ಕಟ್ಟಿದ್ದನ್ನು ಆಗಾಗ ಉಜ್ಜಿ ತೆಗೆಯಬೇಕು. ಒಂದು ಕಡೆ ಮಾಡನ್ನು ಮುಂದಕ್ಕೆ ಇಳಿಸಿ, ಅದರಡಿ ಮರಳಿನ ಗುಂಡಿ, ಕುಂಟೆಬಿಲ್ಲೆಯ ಗೆರೆ ಇರಲಿ. ಮೊಣಕಾಲೆತ್ತರಕ್ಕೆ ಜಂಬಿಟ್ಟಿಗೆ ಕಲ್ಲಿನ ಸಾಲು ಕಟ್ಟಿದರೆ ಮೇಲೆ ನಡೆಯಲೂ ಆಯಿತು, ಕೂತು ಕಥೆ ಕೇಳಲೂ ಆಯಿತು. ಮಾಡಿನ ನೀರಿಗೆ ಅಡಿಕೆಮರ ಸೀಳಿ ತಿರುಳು ತೆಗೆದ ದೋಣಿ ಇಟ್ಟರೆ, ಕಾಗದದ ದೋಣಿಗಳಿಗೆ ಅದೇ ಹೊಳೆ. ಬಯಲಲ್ಲಿ ನೇರ ಗೋಡೆಯ ಒಂದು ಬಾಟಲಿ ಇಟ್ಟು, ಬಿದ್ದ ಮಳೆಯನ್ನು ದಿನಾ ಸ್ಕೇಲಿನಲ್ಲಿ ಅಳೆದು ಬರೆಯಲಿ. ಒಂದು ಸೆಂಟಿಮೀಟರಿಗೆ 10 ಮಿಲಿಮೀಟರ್ ಎಂಬ ಲೆಕ್ಕ ಮತ್ತೆ ಮರೆಯುವುದಿಲ್ಲ. ಹೊಳವಾದ ದಿನ ಅಡಿಕೆ ಹಾಳೆ ಮೇಲೆ ಕೂರಿಸಿ ಎಳೆಯುವ ನಮ್ಮ ಕಾಲದ ಆಟ ಇದ್ದೇ ಇದೆ. ಆಟಕ್ಕೆಂದೇ ಹಳೆಯ ಬಟ್ಟೆ ಒಂದು ಜೊತೆ ಶಾಲೆಯಲ್ಲಿಟ್ಟರಾಯಿತು.

ಚರಂಡಿ ಬದಿಗೆ ಒಂದೆಲಗ, ದೊಡ್ಡಪತ್ರೆ ನೆಡಿಸಿ. ಮಕ್ಕಳೇ ಕೊಯ್ದು ತಂದ ಎಲೆಯ ತಂಬುಳಿಯನ್ನು ಬಿಸಿಯೂಟದಲ್ಲಿ ಬೇಡವೆನ್ನುವವರಿಲ್ಲ. ಕಣಗಿಲೆ, ಉಮ್ಮತ್ತಿ ಮಾತ್ರ ಬೇಡ, ಎರಡೂ ವಿಷ.

ಕಾಡಂಚಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ, 2018-19ರಲ್ಲಿ ಸಾಗರದ ಅರಳಗೋಡಿನಲ್ಲೂ ಜೀವ ತೆಗೆಯಿತು. ಉಣುಗು ಕಚ್ಚಿ ಬರುವ ರೋಗ ಅದು. ಮಳೆ ಮುಗಿದ ಮೇಲೆ ಬೇಸಿಗೆವರೆಗೂ ಮಕ್ಕಳನ್ನು ತರಗೆಲೆ ತರಲು ಕಾಡಿಗೆ ಕಳಿಸಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಶಾಲೆಗೆ ಆಟದ ಜಾಗ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಶಾಲೆಯ ಸಮಿತಿಯಲ್ಲಿ ನೂರಕ್ಕೆ 75 ಜನ ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದೂ ಹೇಳುತ್ತದೆ. ಆ ಜಾಗ ಬರೀ ಸಹಿ ಹಾಕಿ ಬರುವುದಕ್ಕಲ್ಲ. ಮಳೆಗೆ ಮೊದಲು ಮನೆಯಂಗಳಕ್ಕೆ ಸೋಗೆ ಹಾಸಿ, ಚರಂಡಿ ಬಿಡಿಸಿ ಗೊತ್ತಿರುವವರು ನಾವೇ ಅಲ್ಲವೇ? ಬೇಸಿಗೆ ರಜೆಗೆ ಮುಂಚಿನ ಸಭೆಯಲ್ಲೇ ಮಾತೆತ್ತಿ. ಜೂನಿನಲ್ಲಿ ಹೇಳಿದರೆ ತಡವಾಯಿತು.