ಫ್ಲ್ಯಾಗ್‌ಸ್ಟಾಫ್ ದಿಣ್ಣೆಯ ಗಂಡುಮಕ್ಕಳ ಶಾಲೆ

1974ರ ಜನವರಿ ಕೊನೆಯಲ್ಲಿ ನಮ್ಮ ದೊಡ್ಡ ಮಗನನ್ನು ಫಿಜಿಯ ರಾಜಧಾನಿ ಸುವಾದ ಮಾರಿಸ್ಟ್ ಬ್ರದರ್ಸ್ ಹೈಸ್ಕೂಲಿಗೆ ಸೇರಿಸಿದೆವು. ಯಜಮಾನರಿಗೆ ಅಲ್ಲಿನ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ಕೆಲಸ ಸಿಕ್ಕಿತ್ತು. ನ್ಯೂಜಿಲೆಂಡಿನ ವಾಯುಪಡೆಯವರು ನೀರಿನ ಮೇಲೆ ಇಳಿಯುವ ವಿಮಾನಗಳನ್ನು ಇಟ್ಟುಕೊಂಡಿದ್ದ ಜಾಗದಲ್ಲಿ 1968ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ತೀರ್ಥಹಳ್ಳಿಯಿಂದ ಹೊರಡುವಾಗ ತಗಡಿನ ಟ್ರಂಕಿನಲ್ಲಿ ಈಳಿಗೆಮಣೆ, ತುರಿಮಣೆ, ಹಿತ್ತಾಳೆಯ ಬುತ್ತಿ ಕ್ಯಾರಿಯರು, ಎರಡು ಚೊಂಬು ಇಟ್ಟುಕೊಂಡಿದ್ದೆ. "ಸಮುದ್ರದ ನಡುವಿನ ಊರು ಮಾರಾಯ್ತಿ, ಅಲ್ಲಿ ಕಾಯಿ ಸಿಗ್ತದೋ ಇಲ್ವೋ" ಎಂದು ಅತ್ತೆ ಒಂದು ಚೀಲ ಕೊಬ್ಬರಿಯನ್ನೂ ಕಟ್ಟಿಕೊಟ್ಟರು. ಅದನ್ನು ವಿಮಾನ ನಿಲ್ದಾಣದವರೇ ತೆಗೆದಿಟ್ಟುಕೊಂಡರು. ಸುವಾಕ್ಕೆ ಬಂದು ನೋಡಿದರೆ ಹೊರದ್ವೀಪಗಳ ದೋಣಿಗಳಿಂದ ಇಳಿಯುತ್ತಿದ್ದ ಮೂಟೆಗಳೆಲ್ಲ ಕೊಬ್ಬರಿಯವೇ. ಬಂದರಿನ ಕಡೆಯಿಂದ ಗಾಳಿ ಬೀಸಿದ ದಿನ ಊರಿಗೆ ಊರೇ ಎಣ್ಣೆ ಗಾಣದ ವಾಸನೆ ಹೊಡೆಯುತ್ತಿತ್ತು.

ಶಾಲೆ ಫ್ಲ್ಯಾಗ್‌ಸ್ಟಾಫ್ ಎಂಬ ಬಡಾವಣೆಯಲ್ಲಿತ್ತು. ಮಾರಿಸ್ಟ್ ಬ್ರದರ್‌ಗಳ ಪಂಗಡ ಹುಟ್ಟಿದ್ದು ಫ್ರಾನ್ಸಿನಲ್ಲಿ, 1817ರಲ್ಲಿ. ಮಾರ್ಸೆಲಿನ್ ಷಾಂಪಾನ್ಯಾ ಎಂಬ ಪಾದ್ರಿ ಹಳ್ಳಿಯ ಬಡ ಮಕ್ಕಳಿಗೆ ಅಕ್ಷರ ಕಲಿಸಲೆಂದು ಕಟ್ಟಿದ್ದು. ಅವರು 1888ರಲ್ಲೇ ಫಿಜಿಗೆ ಬಂದು ಗಂಡುಮಕ್ಕಳಿಗೆ ಪಾಠ ಹೇಳಲು ಶುರುಮಾಡಿದ್ದರು. ಹೈಸ್ಕೂಲು ಆದದ್ದು 1937ರಲ್ಲಿ. ಬ್ರಿಟಿಷರ ಆ ಕಾಲದ ಫಿಜಿಯಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಫಿಜಿ ಮೂಲದವರ ಮಕ್ಕಳಿಗೆ ಇನ್ನೊಂದು, ಕಬ್ಬಿನ ಗದ್ದೆಗೆ ಕರೆತಂದ ಭಾರತೀಯರ ಮಕ್ಕಳಿಗೆ, ಇದ್ದರೆ, ಮತ್ತೊಂದು. ಹುಡುಗರು ಬೆಳೆದು ದೊಡ್ಡವರಾಗುವ ತನಕ ಒಬ್ಬರ ಮನೆಯ ಅಂಗಳ ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಅಂಥ ದಿನಗಳಲ್ಲಿ ಈ ಶಾಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿತ್ತು.

ಇದರ ಬೆಲೆ ತಿಳಿಯಬೇಕಾದರೆ ಅಲ್ಲಿನ ಭಾರತೀಯರ ಕಥೆ ಸ್ವಲ್ಪ ಗೊತ್ತಿರಬೇಕು. 1879ರ ಮೇ 14ರಂದು ಲಿಯೊನಿಡಾಸ್ ಎಂಬ ಹಡಗು ಮೊದಲ ಕೂಲಿಗಳನ್ನು ತಂದಿತು. 1916ರ ತನಕ ಹೀಗೆ ಬಂದವರು ಅರವತ್ತು ಸಾವಿರಕ್ಕೂ ಹೆಚ್ಚು. ಮೊದಲು ಕಲ್ಕತ್ತೆಯಿಂದ, 1903ರ ನಂತರ ಮದರಾಸಿನಿಂದಲೂ. ಐದು ವರ್ಷದ ಕರಾರು. ಅದನ್ನು ಅವರು 'ಗಿರ್ಮಿಟ್' ಅನ್ನುತ್ತಿದ್ದರು. ನಮ್ಮ ಪಕ್ಕದ ಮನೆಯ ಆಜಿ ಗಿರ್ಮಿಟ್‌ನವರ ಮಗಳು. ಓದು ಬಾರದ ಆಕೆ ಮೊಮ್ಮಗನ ಶಾಲೆಯ ಶುಲ್ಕಕ್ಕೆಂದು ಹಾಲಿನ ಪುಡಿಯ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದಳು. ಟರ್ಮಿಗೊಮ್ಮೆ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಎಣಿಸುವ ಕೆಲಸ ನನ್ನದು. ಆಜಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದಳು.

ಮೊದಲ ವರ್ಷ ನನ್ನನ್ನು ಕಾಡಿದ್ದು ಆ ಶಾಲೆಯ ಬಿಳಿ ಅಂಗಿ. ಸುವಾದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ. ಮಲೆನಾಡಿನವಳಿಗೆ ಮಳೆಯೇನೂ ಹೊಸದಲ್ಲ, ಆದರೆ ಊರಲ್ಲಿ ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಇಲ್ಲಿ ಇದ್ದದ್ದು ಸೀಮೆಎಣ್ಣೆ ಸ್ಟೌ. ಅಂಗಿಗೆಲ್ಲ ಸೀಮೆಎಣ್ಣೆಯ ವಾಸನೆ. ಫಿಜಿ ಹುಡುಗರು ಆ ಬಿಳಿ ಅಂಗಿಯ ಕೆಳಗೆ ಪ್ಯಾಂಟಿನ ಬದಲು ಸುಲು ಉಡುತ್ತಿದ್ದರು, ನಮ್ಮ ಅಡ್ಡಪಂಚೆಯಂಥದ್ದು, ಹೊಲಿದು ಜೇಬು ಇಟ್ಟದ್ದು. ನಮ್ಮವನು ಅದನ್ನು ನೋಡಿ ಬಂದು, "ಅಮ್ಮಾ, ಅಪ್ಪನ ಪಂಚೆ ಕತ್ತರಿಸಿ ಹೊಲಿದುಕೊಡು" ಎಂದು ಒಂದು ವಾರ ಹಟ ಹಿಡಿದ. ಕೊನೆಗೆ ಬೂದು ಬಣ್ಣದ ಬಟ್ಟೆ ತಂದು ಹೊಲಿದುಕೊಟ್ಟೆ. ಜೇಬೂ ಇಟ್ಟೆ.

ಅವನ ಬೆಂಚಿನಲ್ಲಿ ಇನ್ನಿಬ್ಬರಿದ್ದರು. ಒಬ್ಬ ಸುವಾಕ್ಕೆ ಹತ್ತಿರದ ಬೆಂಗ ದ್ವೀಪದವನು, ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದ. ಇನ್ನೊಬ್ಬ ಉತ್ತರದ ಲಂಬಾಸದ ಕಬ್ಬಿನ ಸೀಮೆಯಿಂದ ಬಂದವನು. ಮುತ್ತಜ್ಜ ಉತ್ತರ ಆರ್ಕಾಟಿನವರಂತೆ. ಶನಿವಾರ ಮಧ್ಯಾಹ್ನ ಮೂವರೂ ನಮ್ಮ ಜಗಲಿಯಲ್ಲಿ ಲೆಕ್ಕ ಮಾಡುತ್ತಿದ್ದರು. ಒಂದು ಸಲ ಸುವಾದ ಹೋವೆಲ್ ರಸ್ತೆಯ ಮಾರಿಯಮ್ಮನ ಗುಡಿಯಲ್ಲಿ ಕೆಂಡ ಹಾಯುವ ಹಬ್ಬ ಬಂತು. ಲಂಬಾಸದವನು ಅರಿಸಿನದ ಬಟ್ಟೆ, ವ್ರತ, ಕರಗದ ವಿಷಯವೆಲ್ಲ ಹೇಳಿದ. ಬೆಂಗದವನು ಪೆನ್ಸಿಲು ಕೆಳಗಿಟ್ಟ. ಅವನದು ಸವಾವು ಕುಲ. ಅವರ ಗಂಡಸರು ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳ ಮೇಲೆ ನಡೆಯುತ್ತಾರೆ. ಅವರ ಪೂರ್ವಿಕನೊಬ್ಬ ಹಾವುಮೀನು ಹಿಡಿಯಲು ಮಡುವಿಗೆ ಕೈಹಾಕಿ ಒಂದು ದೇವತೆಯನ್ನೇ ಹಿಡಿದುಬಿಟ್ಟನಂತೆ. ಬಿಟ್ಟುಬಿಡು ಎಂದು ಬೇಡಿಕೊಂಡ ಆ ದೇವತೆ ಬೆಂಕಿ ಸುಡದ ವರ ಕೊಟ್ಟಿತಂತೆ.

"ಹಾಯುವ ಮುಂಚೆ ಕೆಲವು ದಿನ ನಮ್ಮವರು ತೆಂಗಿನಕಾಯಿ ತಿನ್ನುವ ಹಾಗಿಲ್ಲ ಆಂಟಿ" ಎಂದ ಅವನು, ನಾನು ಕೊಟ್ಟ ಕೊಬ್ಬರಿ ಮಿಠಾಯಿಯನ್ನು ಬಾಯಿಗೆ ಹಾಕಿಕೊಳ್ಳುತ್ತ. ನಮ್ಮವನಿಗೆ ಹೇಳಲು ಏನೂ ಇರಲಿಲ್ಲ. ನಾನೇ ಊರಿನ ಕಡೆ ಜಾತ್ರೆಗಳಲ್ಲಿ ಕೊಂಡ ಹಾಯುವುದನ್ನು ಹೇಳಿ ಅವನ ಮರ್ಯಾದೆ ಉಳಿಸಿದೆ. ಆ ವರ್ಷ ಮೂವರೂ ಒಟ್ಟಿಗೆ ಹೋಗಿ ಗುಡಿಯ ಕೆಂಡ ನೋಡಿ ಬಂದರು. ರಾತ್ರಿ ಅಂಗಿ ಒಗೆಯುವಾಗ ಸಾಂಬ್ರಾಣಿ, ಬೂದಿ, ಅರಿಸಿನ ಮೂರರ ವಾಸನೆಯೂ ಬಂತು.

ಊಟದ ಡಬ್ಬಿಯ ವ್ಯವಹಾರ ಬೇರೆ. ಅಲ್ಲಿನವರಿಗೆ ಕೆಸುವಿನ ಗಡ್ಡೆಯೇ ಅನ್ನ. ಅದನ್ನು ದಾಲೋ ಅನ್ನುತ್ತಾರೆ. ಎಲೆಯನ್ನು ತೆಂಗಿನ ಹಾಲಲ್ಲಿ ಬೇಯಿಸಿದರೆ ರೋರೊ. ಕೆಸುವಿನ ಎಲೆ ಕಂಡ ಮೇಲೆ ನಾನು ಸುಮ್ಮನಿರುವುದು ಹೇಗೆ? ಆಜಿಯ ಅರೆಯುವ ಕಲ್ಲಿನಲ್ಲಿ ಅಕ್ಕಿ, ಹುಣಸೆಹಣ್ಣು, ಮೆಣಸು, ಕೊತ್ತಂಬರಿ ಬೀಜ ಅರೆದು ಪತ್ರೊಡೆ ಮಾಡಿ ಬುತ್ತಿಗೆ ಹಾಕಿದೆ. ಆಜಿಯೂ ಹಿಟ್ಟು ಸವರಿ ಸುತ್ತಿ ಕರಿಯುವ ಇಂಥದ್ದೇ ಒಂದು ತಿಂಡಿ ಮಾಡುತ್ತಿದ್ದಳು, ಅದಕ್ಕೆ ಸೈನಾ ಎಂದು ಹೆಸರು. ಮಗ ಸಂಜೆ ಖಾಲಿ ಕ್ಯಾರಿಯರು ತಂದು, ತಾನು ತಿಂದದ್ದು ಮರಗೆಣಸು ಮತ್ತು ಡಬ್ಬಿ ಮೀನಿನ ಪಲ್ಯ ಎಂದ. ಪತ್ರೊಡೆ ಬೆಂಗದವನ ಹೊಟ್ಟೆ ಸೇರಿತ್ತು. ಮೀನಿನ ವಿಷಯ ನಾನು ಊರಿಗೆ ಬರೆದ ಕಾಗದದಲ್ಲಿ ಕಾಣಿಸಲಿಲ್ಲ.

ಸುವಾ ಮಾರುಕಟ್ಟೆಯಲ್ಲಿ ತೂಕವಿರಲಿಲ್ಲ, ನಮ್ಮ ಸಂತೆಯ ಹಾಗೆ ಗುಡ್ಡೆ ಲೆಕ್ಕ. ಟೊಮೆಟೊ ಗುಡ್ಡೆ ಇಪ್ಪತ್ತು ಸೆಂಟು, ಒಂದು ಕಟ್ಟು ದಾಲೋ ಐವತ್ತು ಸೆಂಟು. ಪೌಂಡು ಹೋಗಿ ಡಾಲರು ಬಂದದ್ದು 1969ರಲ್ಲಿ. ನಾವು ಹೋದಾಗಲೂ ಹಳಬರು ಹತ್ತು ಸೆಂಟಿಗೆ ಒಂದು ಶಿಲ್ಲಿಂಗ್ ಎಂದೇ ಕೂಗುತ್ತಿದ್ದರು. ಬಸ್ಸುಗಳಿಗೆ ಕಿಟಕಿ ಗಾಜಿರಲಿಲ್ಲ. ಮಳೆ ಬಂದರೆ ಮೇಲೆ ಸುತ್ತಿಟ್ಟ ಟಾರ್ಪಾಲು ಬಿಚ್ಚಿ ಇಳಿಬಿಡಬೇಕು. ಮಗನಿಗೆ ಬಸ್ಸಿಗೆಂದು ಕೊಟ್ಟ ಚಿಲ್ಲರೆ ದಾರಿಯಲ್ಲಿ ಕಾಗದದ ಪೊಟ್ಟಣದ ಬಿಸಿ ಬಟಾಣಿಯಾಗಿ, ಹುಡುಗ ನೆನೆದುಕೊಂಡು ನಡೆದೇ ಮನೆಗೆ ಬರುತ್ತಿದ್ದ.

ಪರೀಕ್ಷೆ ಮಾತ್ರ ನ್ಯೂಜಿಲೆಂಡಿನದು. ಸ್ಕೂಲ್ ಸರ್ಟಿಫಿಕೇಟ್, ಅದರ ಮೇಲೆ ಯೂನಿವರ್ಸಿಟಿ ಎಂಟ್ರೆನ್ಸ್. ದೇಶಕ್ಕೆ 1970ರ ಅಕ್ಟೋಬರ್ 10ರಂದೇ ಸ್ವಾತಂತ್ರ್ಯ ಬಂದಿದ್ದರೂ ಪ್ರಶ್ನೆಪತ್ರಿಕೆ ಸಮುದ್ರ ದಾಟಿ ಬರುತ್ತಿತ್ತು. ಹಿಮ ಕಾಣದ ಹುಡುಗರು ಪರದೇಶದ ಹಿಮನದಿಗಳ ಬಗ್ಗೆ ಓದುತ್ತಿದ್ದರು. ಬಿಳಿ ನಿಲುವಂಗಿಯ ಬ್ರದರ್‌ಗಳಲ್ಲಿ ಹಲವರು ಅದೇ ನ್ಯೂಜಿಲೆಂಡಿನವರು, ಸಂಜೆ ಅದೇ ನಿಲುವಂಗಿಯ ತುದಿ ಎತ್ತಿ ಸಿಕ್ಕಿಸಿ ಮೈದಾನಕ್ಕೆ ಇಳಿಯುವವರು. ಮದುವೆಯಿಲ್ಲ, ಸಂಬಳವೆಲ್ಲ ಮಠಕ್ಕೆ. ಹೆತ್ತವರು ಎದುರು ಸಿಕ್ಕರೆ ಹುಡುಗನ ಅಂಕ, ಅವನು ಚೆಂಡು ಎಸೆಯುವ ರೀತಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಓಟದ ಪಂದ್ಯದ ದಿನಗಳಲ್ಲಿ ಸುವಾ ಊರೇ ಎರಡಾಗುತ್ತಿತ್ತು. ಎದುರಾಳಿಗಳಲ್ಲಿ ಮುಖ್ಯವಾದದ್ದು ಕ್ವೀನ್ ವಿಕ್ಟೋರಿಯಾ ಸ್ಕೂಲು. ಅದು 1906ರಲ್ಲಿ ಪಾಳೆಯಗಾರ ಮನೆತನದ ಗಂಡುಮಕ್ಕಳಿಗೆಂದು ಹುಟ್ಟಿದ ವಸತಿ ಶಾಲೆ. ಸುವಾ ಹತ್ತಿರದ ನಸೀನುವಿನಲ್ಲಿ ಶುರುವಾಗಿ, ಎರಡನೆಯ ಮಹಾಯುದ್ಧದ ನಂತರ ತೈಲೇವು ಸೀಮೆಯ ಮತವತುದೌನಲ್ಲಿ ನೆಲೆ ನಿಂತಿತು. ರಾತು ಕದವುಲೇವು ಸ್ಕೂಲು ಇನ್ನೊಂದು. ಓಡುವವರು ಹೆಚ್ಚಿನವರು ಬರಿಗಾಲಲ್ಲಿ. ಗ್ಯಾಲರಿಯಲ್ಲಿ ಹುಡುಗರು ನಾಲ್ಕು ದನಿಯಲ್ಲಿ ಹಾಡುತ್ತಿದ್ದರೆ ನನಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆಜಿ ಪಂದ್ಯ ನೋಡಲು ಮೊಮ್ಮಗನ ಜೊತೆ ಬಂದು, ಬಟಾಣಿ ತಿನ್ನುತ್ತ, ಯಾರು ಗೆದ್ದರೂ ಚಪ್ಪಾಳೆ ತಟ್ಟುತ್ತಿದ್ದಳು. ಮೊಮ್ಮಗನಿಗೆ ಅವಮಾನ, ನನಗೆ ನಗು.

ನಾವು 1979ರಲ್ಲಿ ಊರಿಗೆ ಮರಳಿದೆವು. 1987ರ ಮೇ 14ರಂದು, ಲಿಯೊನಿಡಾಸ್ ಬಂದ ದಿನದಂದೇ, ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಂಬುಕ ಆಗಷ್ಟೇ ಗೆದ್ದು ಬಂದಿದ್ದ ತಿಮೋದಿ ಬವಾಂದ್ರರ ಸರ್ಕಾರವನ್ನು ಸೈನ್ಯದ ಬಲದಿಂದ ಕೆಡವಿದರು. ಭಾರತೀಯರ ಕೈ ಮೇಲಾಯಿತು ಎಂಬುದೇ ತಕರಾರು. ತೀರ್ಥಹಳ್ಳಿಯ ಪಡಸಾಲೆಯಲ್ಲಿ ರೇಡಿಯೊ ಕಿವಿಗೆ ಹಿಡಿದು ಕೂತೆವು. ಆಮೇಲೆ ಬಂದ ನೀಲಿ ಏರೋಗ್ರಾಮುಗಳಲ್ಲಿ ವಿಳಾಸವೇ ಬದಲು. ಲಂಬಾಸದ ಹುಡುಗ ಸಿಡ್ನಿಗೆ ಹೋದ. ಆಜಿಯ ಮೊಮ್ಮಗ ವ್ಯಾಂಕೂವರಿಗೆ. ಕುಟುಂಬಗಳು ಮನೆ, ಅಂಗಡಿ ಸಿಕ್ಕ ಬೆಲೆಗೆ ಮಾರಿ ಹೊರಟವು. 1986ರ ಜನಗಣತಿಯಲ್ಲಿ ಭಾರತೀಯರು ದೇಶದ ಅರ್ಧದಷ್ಟಿದ್ದರು. 2007ರಲ್ಲಿ ನೂರಕ್ಕೆ 37.5. ಬೆಂಗದ ಹುಡುಗ ಮಾತ್ರ ಪ್ರತಿ ಕ್ರಿಸ್ಮಸ್‌ಗೆ ಇಬ್ಬರಿಗೂ ಕಾಗದ ಬರೆಯುತ್ತಿದ್ದ, ನಮಗೂ ಬರೆಯುತ್ತಿದ್ದ. ದೇಶ ಒಡೆದಾಗಲೂ ಒಡೆಯದೆ ಉಳಿದದ್ದು ಆ ಬೆಂಚು.

ಒಟ್ಟಿಗೆ ಕೂರಿಸಿದ ಶಾಲೆಯಿಂದ ಬಂದವರೆಲ್ಲ ನೆಟ್ಟಗೇ ನಡೆದರು ಎಂದು ನಾನು ಹೇಳುವುದಿಲ್ಲ. ರಂಬುಕ ಓದಿದ್ದೇನೋ ಕ್ವೀನ್ ವಿಕ್ಟೋರಿಯಾದಲ್ಲಿ. ಆದರೆ 2006ರ ಡಿಸೆಂಬರಿನಲ್ಲಿ ಮತ್ತೊಂದು ಸರ್ಕಾರವನ್ನು ಸೈನ್ಯದ ಬಲದಿಂದಲೇ ಕೆಳಗಿಳಿಸಿದ ಫ್ರಾಂಕ್ ಬೈನಿಮರಾಮ ಮಾರಿಸ್ಟ್ ಶಾಲೆಯ ಹಳೆಯ ವಿದ್ಯಾರ್ಥಿ, ನಮ್ಮವನಿಗಿಂತ ಕೆಲವು ವರ್ಷ ದೊಡ್ಡವರು. ಬಂದೂಕಿನಿಂದ ಬಂದ ಅಧಿಕಾರವನ್ನು ನಾನು ಒಪ್ಪುವವಳಲ್ಲ. ಆದರೆ ಅವರ ಕಾಲದ 2013ರ ಸಂವಿಧಾನ ಜನಾಂಗಕ್ಕೊಂದರಂತೆ ಇದ್ದ ಮತದಾರರ ಪಟ್ಟಿಗಳನ್ನು ತೆಗೆದುಹಾಕಿತು. ಆ ದೇಶದ ಪ್ರಜೆಗಳೆಲ್ಲರೂ ಫಿಜಿಯನ್ನರೇ ಎಂದಿತು. 2022ರ ಚುನಾವಣೆಯ ನಂತರ ರಂಬುಕ ಮತ್ತೆ ಪ್ರಧಾನಿಯಾದರು, ಮತದ ದಾರಿಯಲ್ಲಿ. ಎರಡು ಗಂಡುಮಕ್ಕಳ ಶಾಲೆಗಳ ಹಳೆಯ ಪೈಪೋಟಿ ಓಟದ ಮೈದಾನದಿಂದ ಸಂಸತ್ತಿಗೂ ಹೋಯಿತು.

ಈಗ ಆ ಶಾಲೆ ತೊಂಬತ್ತರ ಹತ್ತಿರ ಬಂದಿದೆ. ಬ್ರದರ್‌ಗಳ ಸಂಖ್ಯೆ ಕರಗಿದೆ; ಪಾಠ ಹೇಳುವವರಲ್ಲಿ ಹೆಚ್ಚಿನವರು ಸಂಸಾರಸ್ಥರು. 2014ರಿಂದ ಶಾಲಾ ಶುಲ್ಕವನ್ನು ಸರ್ಕಾರವೇ ಕೊಡುತ್ತಿದೆ, ಆಜಿಯ ಡಬ್ಬಿಗೆ ಕೆಲಸವಿಲ್ಲ. ನ್ಯೂಜಿಲೆಂಡಿನ ಪ್ರಶ್ನೆಪತ್ರಿಕೆ ಯಾವಾಗಲೋ ನಿಂತಿತು. 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಫಿಜಿಯ ಹುಡುಗರು ಏಳು ಜನರ ರಗ್ಬಿಯಲ್ಲಿ ಬ್ರಿಟನ್ನನ್ನು 43–7ರಿಂದ ಸೋಲಿಸಿ ದೇಶದ ಮೊದಲ ಪದಕವನ್ನೇ ಚಿನ್ನವಾಗಿ ತಂದರು. ಅದರ ನೆನಪಿಗೆ ಏಳು ಡಾಲರಿನ ನೋಟು ಅಚ್ಚಾಯಿತು. ಬೆಂಗದ ಹುಡುಗ, ಈಗ ಮೊಮ್ಮಕ್ಕಳಿರುವ ಅಜ್ಜ, ನನಗೊಂದು ಕಳಿಸಿದ್ದಾನೆ. ನಮ್ಮ ಕಾಲದಲ್ಲಿ ಆ ಏಳು ಡಾಲರಿಗೆ ಹದಿನಾಲ್ಕು ಕಟ್ಟು ದಾಲೋ ಬರುತ್ತಿತ್ತು. ಈಗ ಒಂದು ಕಟ್ಟಿಗೂ ಸಾಲದಂತೆ. ಬೆಲೆ ಏರುವುದು, ಮಠದವರು ಕಡಿಮೆಯಾಗುವುದು, ಮಕ್ಕಳು ದೇಶ ಬಿಡುವುದು ಎಲ್ಲ ಕಡೆಯೂ ನಡೆಯುವಂಥದ್ದು. ಅದಕ್ಕೆ ಅಳುತ್ತ ಕೂರುವುದು ನನ್ನ ಸ್ವಭಾವವಲ್ಲ.

ಉಳಿಯಬೇಕಾದದ್ದು ಒಂದೇ, ಎಲ್ಲರೂ ಒಟ್ಟಿಗೆ ಕೂರುವ ಆ ಬೆಂಚು. ನಮ್ಮ ಊರುಗಳಲ್ಲೂ ಈಗ ಒಂದೊಂದು ಜಾತಿಗೆ, ಒಂದೊಂದು ಸಂಬಳದ ಮಟ್ಟಕ್ಕೆ ಬೇರೆ ಬೇರೆ ಶಾಲೆ ಎದ್ದಿವೆ. ಮೊಮ್ಮಕ್ಕಳನ್ನು ಸೇರಿಸಲು ಹೊರಟವರು ಫಲಿತಾಂಶ ಕೇಳುತ್ತಾರೆ, ಬಸ್ಸು ಎಲ್ಲಿಗೆ ಬರುತ್ತದೆ ಎಂದು ಕೇಳುತ್ತಾರೆ. ಅವೆಲ್ಲ ಕೇಳಿ, ಬೇಡವೆನ್ನುವುದಿಲ್ಲ. ಜೊತೆಗೆ ತರಗತಿಯ ಹಾಜರಿ ಪುಸ್ತಕವನ್ನೂ ಒಮ್ಮೆ ನೋಡಿ. ಅದರಲ್ಲಿರುವ ಹೆಸರುಗಳೆಲ್ಲ ನಿಮ್ಮದೇ ಬೀದಿಯವಾಗಿದ್ದರೆ ಮಗುವನ್ನು ಬೇರೆ ಶಾಲೆಗೆ ಸೇರಿಸಿ.