ಬಚ್ಚಲೊಲೆಯಲ್ಲಿ ಕಲಿತ ಪಾಠ

ಬಿ.ಕಾಂ. ಓದಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಜಮಾ-ಖರ್ಚು ಬಿಟ್ಟರೆ ವಿಜ್ಞಾನಕ್ಕೂ ನನಗೂ ಬಲು ದೂರ. ಅಂಥವನು ಎಪ್ಪತ್ತು ದಾಟಿದ ಮೇಲೆ ಎಣ್ಣೆ ಡಬ್ಬ ಹಿಡಿದು ಒಲೆಯ ಮುಂದೆ ಕೂತದ್ದು ಹೇಗೆಂದು ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಸಾಗರದ ಹತ್ತಿರದ ನಮ್ಮ ಹಳ್ಳಿಮನೆಗೆ ಬಂದೆವು. ಇರುವುದು ಚಿಕ್ಕ ಅಡಿಕೆ ತೋಟ. ಚಳಿಗಾಲದಲ್ಲಿ ಅಡಿಕೆ ಸುಲಿದರೆ ಸಿಪ್ಪೆಯ ಗುಡ್ಡೆಯೇ ಬೀಳುತ್ತದೆ. ಅದು ಬೇಗ ಕೊಳೆಯುವುದೂ ಇಲ್ಲ. ಎಲ್ಲರಂತೆ ನಾನೂ ಬೆಂಕಿ ಹಾಕುತ್ತಿದ್ದೆ. ಹಸಿ ಸಿಪ್ಪೆ ಸರಿಯಾಗಿ ಉರಿಯದೆ ದಿನಗಟ್ಟಲೆ ಹೊಗೆಯಾಡುತ್ತದೆ. ಬೆಳಗಿನ ಮಂಜಿಗೆ ಆ ಹೊಗೆ ಮೇಲೇರದೆ ಅಂಗಳದಲ್ಲೇ ನಿಂತಿರುತ್ತದೆ.

ನನ್ನ ಹೆಂಡತಿಗೆ ಉಬ್ಬಸ. “ರೀ, ಹೊಗೆ ತಡೆಯೋಕಾಗ್ತಿಲ್ಲ” ಎಂದಾಗಲೆಲ್ಲ, “ಊರವರೆಲ್ಲ ಸುಡ್ತಾರೆ, ನಾನೊಬ್ಬ ಬಿಟ್ಟರೆ ನಿಲ್ಲುತ್ತಾ?” ಎನ್ನುತ್ತಿದ್ದೆ. ಹಿಂದಿನ ವರ್ಷ ಡಿಸೆಂಬರಿನ ಒಂದು ರಾತ್ರಿ ಅವಳಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಯಿತು. “ಮನೆ ಹತ್ತಿರ ಏನಾದರೂ ಸುಡ್ತೀರಾ?” ಎಂದು ಡಾಕ್ಟರು ಕೇಳಿದರು. ನಾನು ಸುಮ್ಮನಿದ್ದೆ. ಆಮ್ಲಜನಕದ ಮಾಸ್ಕ್ ಹಾಕಿಕೊಂಡಿದ್ದ ಅವಳೂ ಏನೂ ಹೇಳಲಿಲ್ಲ. ನನ್ನನ್ನು ನೋಡಿದಳು, ಅಷ್ಟೆ.

ರಜೆಗೆ ಬಂದ ಮೊಮ್ಮಗಳು, ಒಂಬತ್ತನೇ ತರಗತಿಯವಳು, ದಾರಿ ತೋರಿಸಿದಳು. “ಅಜ್ಜ, ಸುಡಬೇಡ. ಗಾಳಿ ಕೊಡದೆ ಕಾಯಿಸು. ಅದಕ್ಕೆ ಪೈರೋಲಿಸಿಸ್ ಅಂತಾರೆ.” ಗಾಳಿ ಸಿಕ್ಕರೆ ಸಿಪ್ಪೆ ಉರಿದು ಬೂದಿಯಾಗುತ್ತದೆ. ಗಾಳಿಯಿಲ್ಲದೆ ನಾನೂರು-ಐನೂರು ಡಿಗ್ರಿ ಕಾದರೆ ನೀರು, ಅನಿಲ, ಡಾಂಬರಿನಂಥ ಎಣ್ಣೆ ಹೊರಟುಹೋಗಿ ಇದ್ದಿಲು ಉಳಿಯುತ್ತದೆ. ನಮ್ಮಜ್ಜಿ ಹಲ್ಲುಜ್ಜಲು ಭತ್ತದ ಹೊಟ್ಟನ್ನು ಕರಿ ಮಾಡುತ್ತಿದ್ದುದು ನೆನಪಾಯಿತು. ನೀರಿನ ಫಿಲ್ಟರಿನಲ್ಲಿರುವ ಕಾರ್ಬನ್ ಕೂಡ ಹೆಚ್ಚಾಗಿ ತೆಂಗಿನ ಕರಟದ ಇದ್ದಿಲಿನಿಂದ ತಯಾರಾದದ್ದೇ.

ಹಳೆಯ ಎಣ್ಣೆ ಡಬ್ಬದ ಮುಚ್ಚಳಕ್ಕೆ ಸಣ್ಣ ತೂತು ಕೊರೆದೆವು. ಅನಿಲಕ್ಕೆ ದಾರಿ ಇರಲೇಬೇಕು, ಇಲ್ಲದಿದ್ದರೆ ಡಬ್ಬ ಸಿಡಿಯುತ್ತದೆ. ಚೆನ್ನಾಗಿ ಒಣಗಿದ ಸಿಪ್ಪೆ ತುಂಬಿ ಹಿತ್ತಿಲ ಬಚ್ಚಲೊಲೆಗೆ ಇಟ್ಟೆವು. ಮೊದಲು ಬಂದದ್ದು ಬಿಳಿ ಹಬೆ, ಆಮೇಲೆ ಹಳದಿ ಹೊಗೆ. ಸ್ವಲ್ಪ ಹೊತ್ತಿಗೆ ತೂತಿನಿಂದ ಬರುತ್ತಿದ್ದ ಅನಿಲಕ್ಕೇ ಬೆಂಕಿ ಹತ್ತಿ ಗ್ಯಾಸ್ ಒಲೆಯಂತೆ ಉರಿಯತೊಡಗಿತು. ನಮ್ಮ ಎದೆಗೆ ಹೋಗಬೇಕಿದ್ದ ಹೊಗೆಯೇ ಸೌದೆಯಾಗಿ ಸ್ನಾನದ ನೀರು ಕಾಯಿಸಿತು!

ಉರಿ ನಿಂತ ಕೂಡಲೇ ನಾನು ಆತುರದಿಂದ ಮುಚ್ಚಳ ತೆಗೆದೆ. ಗಾಳಿ ತಾಗಿದ್ದೇ ತಡ, ಒಳಗಿದ್ದದ್ದೆಲ್ಲ ಕೆಂಡವಾಗಿ ನೋಡುತ್ತಿದ್ದಂತೆ ಬೂದಿಯಾಯಿತು. ಅಂದಿನಿಂದ ಬೆಳಗಾಗುವವರೆಗೆ ಡಬ್ಬ ಮುಟ್ಟುವುದಿಲ್ಲ. ಮಕ್ಕಳೇ, ಇದು ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡುವ ಕೆಲಸ.

ಗುಮಾಸ್ತನ ಚಟ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. 1 ಕೆ.ಜಿ. 200 ಗ್ರಾಂ ಸಿಪ್ಪೆಗೆ 350 ಗ್ರಾಂ ಇದ್ದಿಲು. ತೋಟದ ತೊಟ್ಟಿಯ ಪಾಚಿಯನ್ನೂ ಪರೀಕ್ಷಿಸಿದೆವು. ಒಂದು ಬಕೆಟ್ ಪಾಚಿ ನಾಲ್ಕು ದಿನ ಒಣಗಿ ಎರಡು ಹಿಡಿಯಾಯಿತು, ಬೆಂದಾಗ ಕೂದಲು ಸುಟ್ಟ ವಾಸನೆ ಹೊಡೆಯಿತು. ಪಾಚಿಯ ಇದ್ದಿಲಿನಲ್ಲಿ ಇಂಗಾಲ ಕಡಿಮೆ, ಬೂದಿ ಮತ್ತು ಗಿಡಕ್ಕೆ ಬೇಕಾದ ಲವಣ ಹೆಚ್ಚಂತೆ.

ಹೊಸ ಇದ್ದಿಲನ್ನು ನೇರವಾಗಿ ಮಲ್ಲಿಗೆ ಬುಡಕ್ಕೆ ಹಾಕಿ ಇನ್ನೊಂದು ಪೆಟ್ಟು ತಿಂದೆ. ಎಲೆ ಹಳದಿಯಾದವು. ಬರೀ ಇದ್ದಿಲು ಮೊದಲು ಮಣ್ಣಿನ ಸಾರವನ್ನೇ ಹೀರಿಕೊಳ್ಳುತ್ತದೆ. ಈಗ ನೀರು ಚಿಮುಕಿಸಿ ಪುಡಿ ಮಾಡಿ (ಇದರ ಧೂಳೂ ಎದೆಗೆ ಒಳ್ಳೆಯದಲ್ಲ), ಎರಡು ವಾರ ಸಗಣಿ ಗಂಜಳದಲ್ಲಿ ನೆನೆಸಿ ಹಾಕುತ್ತೇನೆ. ಮಲೆನಾಡಿನ ಮಳೆಗೆ ಗೊಬ್ಬರದ ಸಾರ ಕೊಚ್ಚಿ ಹೋಗುತ್ತದೆ. ಇದ್ದಿಲಿನ ಸಣ್ಣ ಸಣ್ಣ ರಂಧ್ರಗಳು ಅದನ್ನು ಸ್ವಲ್ಪ ಹಿಡಿದಿಡುತ್ತವೆ.

ಗಿಡ ಗಾಳಿಯಿಂದ ಪಡೆದ ಇಂಗಾಲ, ಕೊಳೆತರೆ ಉಳಿತಾಯ ಖಾತೆಯ ದುಡ್ಡಿನಂತೆ ಬೇಗ ವಾಪಸು ಗಾಳಿಗೆ. ಇದ್ದಿಲಾದರೆ ಅದು ದೀರ್ಘಾವಧಿ ಠೇವಣಿ. ಅಮೆಜಾನ್ ಕಾಡಿನಲ್ಲಿ ಅಲ್ಲಿನ ಮೂಲನಿವಾಸಿಗಳು ಇದ್ದಿಲು ಬೆರೆಸಿದ ಕಪ್ಪು ಮಣ್ಣು ನೂರಾರು ವರ್ಷಗಳ ಮೇಲೂ ಫಲವತ್ತಾಗಿದೆ.

ಒಂದು ಡಬ್ಬಕ್ಕೆ ಇಡೀ ಗುಡ್ಡೆ ಮುಗಿಯುವುದಿಲ್ಲ, ನಿಜ. ಉಳಿದದ್ದನ್ನು ಮರಗಳ ಬುಡಕ್ಕೆ ಹೊದಿಸುತ್ತೇನೆ. ಬೆಂಕಿಯಂತೂ ಹಾಕುವುದಿಲ್ಲ. ಆಚೆಮನೆಯವರು ಇನ್ನೂ ಸುಡುತ್ತಾರೆ, ಅದನ್ನು ಬೈಯುವ ಅಧಿಕಾರ ನನಗಿಲ್ಲ. ಮೊನ್ನೆ ಅವರ ಹುಡುಗ ಬಂದು ಮುಚ್ಚಳಕ್ಕೆ ಎಷ್ಟು ದೊಡ್ಡ ತೂತು ಎಂದು ಕೇಳಿಕೊಂಡು ಹೋದ.

ಹೆಂಡತಿಯ ಇನ್‌ಹೇಲರ್ ಈಗಲೂ ಕೈಯಳತೆಯಲ್ಲಿದೆ. ಆದರೆ ಈ ಡಿಸೆಂಬರಿನಲ್ಲಿ ಅವಳು ಕಿಟಕಿ ಮುಚ್ಚಿಕೊಂಡು ಒಳಗೆ ಕೂರಲಿಲ್ಲ, ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ರಂಗೋಲಿ ಹಾಕಿದಳು.